ಹತ್ತಕ್ಕೆ ಎಷ್ಟು ಹೆದರಿಕೆ

ಶಾಲೆಯಿಂದ ಬಂದವಳು ಗೇಟಿನ ಚಿಲಕಕ್ಕೆ ಕೈ ಹಾಕುವ ಮೊದಲು ನಿಂತು ಕೇಳಿಸಿಕೊಳ್ಳುತ್ತಿದ್ದೆ. ಒಳಗಿನಿಂದ ಏನಾದರೊಂದು ಸದ್ದು ಬಂದರೆ ಸಾಕಿತ್ತು. ಪಾತ್ರೆ ಇಟ್ಟದ್ದೋ, ನಲ್ಲಿ ತಿರುಗಿಸಿದ್ದೋ, ಅಮ್ಮ ಟೀವಿಯ ಜೊತೆ ತಾನೂ ಮಾತಾಡಿದ್ದೋ ಕೇಳಿದರೆ ಒಳಗೆ ಓಡುತ್ತಿದ್ದೆ. ಏನೂ ಕೇಳದಿದ್ದರೆ ಬ್ಯಾಗು ಬೆನ್ನ ಮೇಲಿಟ್ಟುಕೊಂಡೇ ಬೀದಿಯಲ್ಲಿ ನಿಲ್ಲುತ್ತಿದ್ದೆ. ಮತ್ತಿಕೆರೆಯ ನಮ್ಮ ಬೀದಿ ಎಂದೂ ನಿಶ್ಶಬ್ದವಾಗಿದ್ದದ್ದಲ್ಲ. ಕಾಲೇಜಿನ ಹುಡುಗರು ಬೇಕರಿಯ ಮುಂದೆ ಟೀ ಹಿಡಿದು ಗಲಾಟೆ ಮಾಡುತ್ತಿದ್ದರು, ಯಶವಂತಪುರದ ಕಡೆಯಿಂದ ರೈಲು ಕೂಗುತ್ತಿತ್ತು, ಎದುರು ಮನೆಯವರು ಮೂರನೇ ಮಹಡಿ ಎಬ್ಬಿಸುತ್ತಿದ್ದರು. ಅಷ್ಟೆಲ್ಲದರ ನಡುವೆ ನಮ್ಮ ಮನೆಯೊಂದರ ಮೌನವನ್ನು ನಾನು ಬೇರೆಯಾಗಿ ಕೇಳಬಲ್ಲವಳಾಗಿದ್ದೆ. ಆ ಮೌನದ ಹಿಂದೆ ಅಮ್ಮ ನೆಲದ ಮೇಲೆ ಬಿದ್ದಿರಬಹುದು ಎಂಬುದು ನನ್ನ ಭಯ. ಎಷ್ಟೋ ಸಲ ಅವಳು ಸುಮ್ಮನೆ ಮಲಗಿರುತ್ತಿದ್ದಳು. ಕೆಲವು ಸಲ ನಿಜವಾಗಿಯೂ ಬಿದ್ದಿರುತ್ತಿದ್ದಳು.

ಅಮ್ಮನಿಗೆ ಫಿಟ್ಸ್ ಬರುತ್ತಿತ್ತು. ಮನೆಯಲ್ಲಿ ಯಾರೂ ಆ ಹೆಸರು ಎತ್ತುತ್ತಿರಲಿಲ್ಲ. ಅಜ್ಜಿ, ಅಂದರೆ ಅಪ್ಪನ ತಾಯಿ, 'ಅದು' ಎನ್ನುತ್ತಿದ್ದಳು. ಅಪ್ಪ 'ಹುಷಾರಿಲ್ಲ' ಎನ್ನುತ್ತಿದ್ದರು. ಆದರೆ ಮನೆ ಮಾತ್ರ ಅದನ್ನು ಮುಚ್ಚಿಡುತ್ತಿರಲಿಲ್ಲ. ಬಚ್ಚಲಿನ ಬಾಗಿಲಿಗೆ ಒಳಚಿಲಕ ಇರಲಿಲ್ಲ, ಒಮ್ಮೆ ಅಮ್ಮ ಒಳಗೆ ಬಿದ್ದಾಗ ಬಾಗಿಲು ಒಡೆಯಬೇಕಾಗಿ ಬಂದು ಅಪ್ಪ ಅದನ್ನು ಕಿತ್ತುಹಾಕಿದ್ದರು. ಹಾಲಿನ ಶೋಕೇಸಿನ ಮೂಲೆಗಳಿಗೆ ಅಜ್ಜಿ ಹಳೆಯ ಸೀರೆಯ ತುಂಡುಗಳನ್ನು ದಪ್ಪಗೆ ಸುತ್ತಿ ಕಟ್ಟಿದ್ದಳು. ನೆಂಟರು ಬಂದಾಗ ಅವನ್ನು ಬಿಚ್ಚುವುದು, ಅವರು ಹೋದ ಮೇಲೆ ಮತ್ತೆ ಕಟ್ಟುವುದು ನನ್ನ ಕೆಲಸ. ಅಡುಗೆಮನೆಯಲ್ಲಿ ಗೋಡೆಯ ಕಡೆಯ ಒಲೆಯನ್ನೇ ಹಚ್ಚಬೇಕು, ನೀರಿನ ಸಂಪಿನ ಮುಚ್ಚಳದ ಮೇಲೆ ಯಾವಾಗಲೂ ಕಲ್ಲಿರಬೇಕು, ತಾರಸಿಗೆ ಅಮ್ಮ ಒಬ್ಬಳೇ ಹೋಗಬಾರದು. ಇವೆಲ್ಲ ನಮಗೆ ದೇವರಿಗೆ ದೀಪ ಹಚ್ಚಿದಷ್ಟೇ ಸಹಜವಾದ ನಿಯಮಗಳು. ಬೇರೆಯವರ ಮನೆಯ ಬಚ್ಚಲಿಗೆ ಚಿಲಕ ಇರುವುದನ್ನು ನೋಡಿ ನನಗೆ ಆಶ್ಚರ್ಯವಾಗುತ್ತಿತ್ತು.

ಅದನ್ನು ನಾನು ಕಣ್ಣಾರೆ ಮೊದಲು ನೋಡಿದ್ದು ರಾತ್ರಿ ಊಟದ ಹೊತ್ತಿನಲ್ಲಿ. ಅಮ್ಮ ನನ್ನ ತಟ್ಟೆಗೆ ಮುದ್ದೆ ಇಟ್ಟಳು. ಸಾರಿನ ಸೌಟು ಎತ್ತಿದವಳು ಎತ್ತಿದಂತೆಯೇ ನಿಂತಳು. ಮರುಗಳಿಗೆ ಗಂಟಲಿನಿಂದ ನಾನೆಂದೂ ಕೇಳದ ಒಂದು ಕೂಗು ಬಂತು, ಬಿದ್ದಳು. ಅವಳ ಕೈಕಾಲು ನೆಲಕ್ಕೆ ಬಡಿಯುತ್ತಿದ್ದವು, ಬಳೆ ಒಡೆಯಿತು. ಅಜ್ಜಿ ಸೊಂಟದಿಂದ ಬೀಗದ ಕೈ ಗೊಂಚಲು ಕಿತ್ತು ಅಮ್ಮನ ಮುಷ್ಟಿಯೊಳಗೆ ತುರುಕಿದಳು. ಅಪ್ಪ ಕಾಲು ಅದುಮಿ ಹಿಡಿದುಕೊಂಡರು. ನಾನು ತಟ್ಟೆಯ ಮುಂದೆ ಕೂತೇ ಇದ್ದೆ. ಎಲ್ಲ ನಿಂತ ಮೇಲೆ ಅಮ್ಮ ಕಣ್ಣುಬಿಟ್ಟು, ಯಾರನ್ನೂ ನೋಡದೆ ಸೆರಗು ಸರಿಮಾಡಿಕೊಂಡಳು. ಆಮೇಲೆ ಬಟ್ಟೆ ತಂದು, ಚೆಲ್ಲಿದ ಸಾರನ್ನು ತಾನೇ ಒರೆಸಿದಳು. ಆ ರಾತ್ರಿ ಶುರುವಾದ ಜಗಳ ನಮ್ಮ ಮನೆಯಲ್ಲಿ ವರ್ಷಗಟ್ಟಲೆ ಅದೇ ಮಾತುಗಳಲ್ಲಿ ನಡೆಯುತ್ತಿತ್ತು.

"ಮಂಗಳವಾರ ತಲೆಗೆ ನೀರಾಕೋಬ್ಯಾಡ ಅಂದ್ರೆ ಕೇಳಾಕಿಲ್ಲ. ಅದ್ಕೇ ಇಂಗಾಗೋದು," ಎಂದಳು ಅಜ್ಜಿ.

"ಅವ್ವಾ, ಸುಮ್ನಿರು. ಮಾತ್ರೆ ನುಂಗಿಸಿದ್ಯಾ ಇಲ್ವಾ, ಅದು ಹೇಳು," ಎಂದರು ಅಪ್ಪ.

"ಆ ಮಾತ್ರೆ ತಿಂದೂ ತಿಂದೂ ಅದ್ರ ಮೊಕ ಎಂಗಾಗದೆ ನೋಡು. ಅಗಲೊತ್ತೆಲ್ಲಾ ತೂಕಡಿಸ್ತದೆ. ಅಮ್ಮನೋರಿಗೆ ಅರಕೆ ಒತ್ಕೊಂಡಿವ್ನಿ. ಇನ್ ಮಾತ್ರೆ ಬ್ಯಾಡ."

"ನೀನ್ ನಿಲ್ಸಿದ್ದಕ್ಕೇ ಬಂದಿರೋದು."

"ನೀನು ಮೂರೊತ್ತೂ ಬಾಗಲೂರಲ್ಲಿ ಬಿಲ್ಡಿಂಗ್ ಕಾಯ್ಕೊಂಡ್ ಕುಂತಿರು. ಇಲ್ಲಿ ನೋಡ್ಕಳೋಳು ನಾನು."

ಬಾಗಲೂರಿನ ಹತ್ತಿರ ನಮ್ಮ ಪಾಲಿಗೆ ಬಂದ ಹೊಲದಲ್ಲಿ ಅಪ್ಪ ಮನೆಗಳನ್ನು ಕಟ್ಟಿಸುತ್ತಿದ್ದರು. ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆಯೇ ಬರುತ್ತಿದ್ದದ್ದು. ಅಜ್ಜಿ ಕೆಟ್ಟವಳಾಗಿರಲಿಲ್ಲ. ಅಮ್ಮ ಬಿದ್ದಾಗಲೆಲ್ಲ ಅವಳ ತುಟಿ ಬೆಳ್ಳಗಾಗುತ್ತಿತ್ತು, ದೇವರ ಮನೆಯ ಬಾಗಿಲಿಗೆ ಆತುಕೊಂಡು ನಡುಗುವುದನ್ನು ನೋಡಿದ್ದೇನೆ. ಹೆದರಿದ ಮನುಷ್ಯರಿಗೆ ಒಂದು ಕಾರಣ ಬೇಕಾಗುತ್ತದೆ. ಅಜ್ಜಿಗೆ ಅಮ್ಮ ಕಾರಣ, ಅಪ್ಪನಿಗೆ ಅಜ್ಜಿ ಕಾರಣ. ನನಗೆ ನಾನೇ ಕಾರಣ. ಬೆಳಿಗ್ಗೆ ಜಡೆ ಬಿಗಿಯಾಯಿತೆಂದು ಅತ್ತದ್ದಕ್ಕೇ ಸಾಯಂಕಾಲ ಅಮ್ಮ ಬಿದ್ದಳೆಂದು ನಂಬಿ, ತಲೆ ನೋಯುವಷ್ಟು ಬಿಗಿಯಾದ ಜಡೆಯಲ್ಲಿ ಒಂದೂ ಮಾತಾಡದೆ ಶಾಲೆಗೆ ಹೋದ ದಿನಗಳಿವೆ. ಅಮ್ಮ ಮಾತ್ರ ಯಾರನ್ನೂ ಏನೂ ಅನ್ನುತ್ತಿರಲಿಲ್ಲ. ಹಾಲಿನ ಕಿಟಕಿಯ ಪಕ್ಕ ಕೂತು ಸೀರೆಗಳಿಗೆ ಕುಚ್ಚು ಕಟ್ಟುತ್ತಿದ್ದಳು. ಸೆರಗಿನ ಅಂಚಿನ ಎಳೆಗಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹೊಸೆದು ಗಂಟು ಹಾಕುವ ಕೆಲಸ. ಅಷ್ಟೊಂದು ಬಣ್ಣಗಳ ನಡುವೆ ಕೂತ ಅವಳು ಮಾತ್ರ ಸದಾ ಮಾಸಲು ಸೀರೆ ಉಡುತ್ತಿದ್ದಳು.

ಮನೆಯ ಮೌನ ತಡೆಯಲಾಗದ ದಿನಗಳಲ್ಲಿ ನಾನು ತಾರಸಿಗೆ ಹೋಗುವ ಮೆಟ್ಟಿಲ ಮೇಲೆ ಕೂರುತ್ತಿದ್ದೆ. ಮೇಲೆ ಕಾಲೇಜಿನ ಹುಡುಗರಿಗೆ ಬಾಡಿಗೆಗೆ ಕೊಟ್ಟ ಕೋಣೆಗಳಿದ್ದವು. ತುದಿಯ ಕೋಣೆಯಲ್ಲಿ ಬಾಗಲಕೋಟೆಯ ಕಡೆಯಿಂದ ಎಂಜಿನಿಯರಿಂಗ್ ಓದಲು ಬಂದ ಬಸವರಾಜ ಇದ್ದ, ನಾನು ಬಸಣ್ಣ ಎನ್ನುತ್ತಿದ್ದೆ. ಅವನ ಮೇಜಿನ ಮೇಲೆ ದೊಡ್ಡ ಕಂಪ್ಯೂಟರ್, ಅದರಲ್ಲಿ ಸದಾ ಒಂದಲ್ಲ ಒಂದು ಗೇಮ್. ಪೋಲಿ ಹುಡುಗ, ಓದುವುದಿಲ್ಲ ಎಂದು ಅಜ್ಜಿ ತೀರ್ಮಾನಿಸಿದ್ದಳು. ಅದು ಅವನ ಕೆಲಸ ಎಂದು ನಮಗೆ ಗೊತ್ತಾದದ್ದು ಆಮೇಲೆ. ಒಂದು ವೆಬ್‌ಸೈಟಿಗೆ ಹೊಸ ಗೇಮ್‌ಗಳ ವಿಮರ್ಶೆ ಬರೆದು, ಕೊನೆಯಲ್ಲಿ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತಿದ್ದ. ನಾನು ಬಾಗಿಲಿನ ಬಳಿ ನಿಂತದ್ದನ್ನು ಕಂಡು ಒಂದು ದಿನ ಕರೆದ.

"ಬಾ ತಂಗಿ, ಅಲ್ಲೇ ಯಾಕ ನಿಂತಿ? ಕೈಗೆ ಕೀಬೋರ್ಡ್ ತೊಗೊ. ನನಗ ಆಟ ಬರಲಾರದವರು ಆಡೂದು ನೋಡಬೇಕಾಗೈತಿ."

ಬಾಗಿಲು ಪೂರ್ತಿ ತೆಗೆದಿರಬೇಕು ಎಂದು ಅಮ್ಮ ಹೇಳಿದಳು. ಅಜ್ಜಿ ತಾರಸಿಯಲ್ಲಿ ಹಪ್ಪಳ ಒಣಗಿಸುವ ನೆಪದಲ್ಲಿ ಕಣ್ಣಿಟ್ಟಿರುತ್ತಿದ್ದಳು. ಹಾಗೆ ಅವನ ಹೊಸ ಗೇಮ್‌ಗಳಿಗೆಲ್ಲ ನಾನೇ ಮೊದಲ ಬಲಿ.

ಅವುಗಳಲ್ಲಿ ಒಂದನ್ನು ನಾನು ಇವತ್ತಿಗೂ ಮರೆತಿಲ್ಲ. ಹಳೆಯದೊಂದು ದೊಡ್ಡ ಮನೆ, ಕೈಯಲ್ಲಿ ಕಂದೀಲು. ಕೋಣೆಯಿಂದ ಕೋಣೆಗೆ ಹೋಗುತ್ತ ಹೊರಗಿನ ಬಾಗಿಲು ಹುಡುಕಬೇಕು. ಆ ಮನೆಯಲ್ಲಿ ಒಬ್ಬಳು ಓಡಾಡುತ್ತಿರುತ್ತಾಳೆ, ಅವಳ ಕೈಗೆ ಸಿಕ್ಕರೆ ಆಟ ಮುಗಿಯಿತು. ಚಿತ್ರಗಳೇನೂ ಚೆನ್ನಾಗಿರಲಿಲ್ಲ, ಗೋಡೆಗಳು ರಟ್ಟಿನಿಂದ ಮಾಡಿದಂತಿದ್ದವು. ಆದರೂ ಮೊದಲ ಸಲ ಸಿಕ್ಕಿಬಿದ್ದಾಗ ನಾನು ಕೀಬೋರ್ಡನ್ನು ತಳ್ಳಿ ಬಾಗಿಲ ತನಕ ಓಡಿದೆ. ಅಳು ಬಂದಿತ್ತು. ಬಸಣ್ಣ ನಗಲಿಲ್ಲ.

"ಈಗ ಸತ್ತಿ. ಯಾರನ್ನ ಬೈತಿ ಹೇಳು."

"ಅವಳನ್ನ. ಹೇಳ್ದೇ ಬಂದ್ಲು."

"ಹೌದಾ? ಇನ್ನೊಮ್ಮೆ ಹೋಗು. ಈ ಸಲ ಓಡಬ್ಯಾಡ, ಕೇಳು."

ಇನ್ನೊಮ್ಮೆ ಹೋದೆ. ಮತ್ತೆ ಸಿಕ್ಕಿಬಿದ್ದೆ. ಮತ್ತೆ ಮತ್ತೆ ಹೋದೆ. ಕೊನೆಗೆ ಕೇಳಿಸಿತು. ಅವಳು ಬರುವ ಮೊದಲು ಗೋಡೆಯ ಗಡಿಯಾರದ ಟಿಕ್ ಟಿಕ್ ನಿಲ್ಲುತ್ತಿತ್ತು. ಅದು ನಿಂತ ಕೂಡಲೇ ಕಂದೀಲು ಆರಿಸಿ ಮಂಚದಡಿ ಸೇರಿಕೊಂಡರೆ ಅವಳು ಹಾದುಹೋಗುತ್ತಿದ್ದಳು. ಮಂಚದಡಿಯಿಂದ ಅವಳ ಕಾಲು ನೋಡುವಾಗ ಮೊದಲಿಗಿಂತ ಹೆಚ್ಚು ಹೆದರಿಕೆಯಾಗುತ್ತಿತ್ತು. ಆದರೂ ಬಿಟ್ಟು ಓಡಬೇಕೆನ್ನಿಸಲಿಲ್ಲ. ಬಸಣ್ಣ ಆ ಆಟಕ್ಕೆ ಏಳು ಕೊಡಬೇಕೆಂದು ಬರೆದಿಟ್ಟಿದ್ದವನು ಅದನ್ನು ಹೊಡೆದುಹಾಕಿ ಒಂಬತ್ತು ಮಾಡಿದ. ಇಂಗ್ಲಿಷ್ ಓದಲು ಬಾರದ ಹುಡುಗಿಗೆ ಒಂದು ಮಾತೂ ಹೇಳದೆ ಎಲ್ಲ ಕಲಿಸಿತು, ತನಗೆ ಅದು ಕಂಡಿರಲಿಲ್ಲ ಎಂದ.

ಅದೇ ತಿಂಗಳು ಇನ್ನೊಂದು ಗೇಮ್ ಬಂದಿತ್ತು. ದೇಶವೆಲ್ಲ ಅದರದೇ ಮಾತು. ಮಳೆ ಬಿದ್ದರೆ ಮೈ ಒದ್ದೆಯಾದಂತೆ ಅನಿಸುವಷ್ಟು ಚೆಂದದ ಚಿತ್ರಗಳು. ಅದರಲ್ಲಿ ರಾಕ್ಷಸರು ಎಲ್ಲಿಂದ ಬೇಕಾದರೂ, ಯಾವಾಗ ಬೇಕಾದರೂ ಬೀಳುತ್ತಿದ್ದರು. ನೋಡಿದ್ದೂ ಕೇಳಿದ್ದೂ ಕಲಿತದ್ದೂ ಯಾವುದೂ ಕೆಲಸಕ್ಕೆ ಬರುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೇ ನಾನು ಕೀಬೋರ್ಡ್ ಬಿಟ್ಟು ಎದ್ದುಬಿಟ್ಟೆ. ಬಸಣ್ಣ ಅದಕ್ಕೆ ನಾಲ್ಕು ಕೊಟ್ಟ. ವೆಬ್‌ಸೈಟಿನ ಸಂಪಾದಕರು ಫೋನ್ ಮಾಡಿದರು. ಇಷ್ಟು ದೊಡ್ಡ ಆಟಕ್ಕೆ ಇಷ್ಟು ಕಡಿಮೆ ಯಾರೂ ಕೊಟ್ಟಿಲ್ಲ, ಏಳಾದರೂ ಮಾಡು ಎಂದರಂತೆ. ಅವನು ತಾರಸಿಯಲ್ಲಿ ಆ ಕಡೆ ಈ ಕಡೆ ಓಡಾಡುತ್ತ ಉತ್ತರ ಕೊಡುತ್ತಿದ್ದದ್ದು ನನಗೆ ಕೇಳುತ್ತಿತ್ತು.

"ಇಲ್ಲ ಸರ್. ಅಂಜಿಸೂದು ತಪ್ಪಲ್ಲ. ಹೇಳದ ಹೊಡಿಯೂದು ತಪ್ಪು. ಬೇಕಂದ್ರ ನನ್ನ ಹೆಸರು ತಗದು ನೀವ ಅಂಕ ಹಾಕ್ಕೋರಿ."

ನಾಲ್ಕೇ ಉಳಿಯಿತು. ಓದುಗರು ಅವನನ್ನು ವಾರಗಟ್ಟಲೆ ಬೈದರು. ಬರೆದದ್ದನ್ನು ಓದಿದವರು ಕಡಿಮೆ, ಅಂಕಿ ನೋಡಿ ಬೈದವರೇ ಹೆಚ್ಚು. ಈಗ ನಾನೂ ಗೇಮ್‌ಗಳ ವಿಮರ್ಶೆ ಬರೆಯುವ ಅದೇ ಕೆಲಸದಲ್ಲಿದ್ದೇನೆ. ಹತ್ತಕ್ಕೆ ಅಂಕ ಎನ್ನುತ್ತೇವೆ, ಆದರೆ ಆರಕ್ಕಿಂತ ಕೆಳಗೆ ಇಳಿಯಲು ಯಾರಿಗೂ ಧೈರ್ಯವಿಲ್ಲ. ಆರು ಎಂದರೆ ಕೆಟ್ಟದು, ಏಳು ಎಂದರೆ ಮರ್ಯಾದೆಗೆ ಕೊಟ್ಟದ್ದು ಎಂದು ಓದುಗರೂ ಕಲಿತುಬಿಟ್ಟಿದ್ದಾರೆ. ಅಂಕಿಯನ್ನು ನಾನು ಹೆಚ್ಚು ನಂಬುವುದಿಲ್ಲ. ಒಂದು ಗೇಮ್ ದೊಡ್ಡದು ಎನಿಸುವುದು ಅದು ನನ್ನನ್ನು ಗಮನಿಸುವವಳನ್ನಾಗಿ ಮಾಡಿದಾಗ. ಸೋತು ಕೂತಾಗಲೂ, ಒಂದು ಸಲ ಸರಿಯಾಗಿ ನೋಡಿದ್ದರೆ ಉಳಿಯುತ್ತಿದ್ದೆ ಎನ್ನಿಸಬೇಕು. ಇದನ್ನು ವಿಮರ್ಶೆಯ ಭಾಷೆಯಲ್ಲಿ ಉದ್ದುದ್ದ ಬರೆಯುವಾಗಲೂ ನನ್ನ ಬೆನ್ನಹುರಿಯಲ್ಲಿ ಮತ್ತಿಕೆರೆಯ ಮನೆಯ ಚಳಿ ಹರಿಯುತ್ತದೆ.

ಒಂದು ದಿನ ಬಸಣ್ಣನನ್ನು ಕೇಳಿದೆ:

"ಏನೂ ಹೇಳ್ದೇನೇ ಬರೋದು ಇರುತ್ತಲ್ಲ, ಅದಕ್ಕೇನ್ ಮಾಡ್ಬೇಕು?"

"ಯಾವ ಗೇಮ್‌ನಾಗ?"

ನಾನು ಮೆಟ್ಟಿಲ ಕಡೆ ನೋಡಿದೆ. ಅಮ್ಮ ಬಿದ್ದಾಗಲೆಲ್ಲ ಕೆಳಗಿನ ಮನೆಯಿಂದ ಬರುವ ಕೂಗು ಅವನ ಕೋಣೆಗೂ ಕೇಳುತ್ತಿತ್ತು.

"ಒಮ್ಮೊಮ್ಮೆ ಹೇಳಿರ್ತೈತಿ ತಂಗಿ. ನಮಗ ಕೇಳಿರಂಗಿಲ್ಲ," ಎಂದ ಮೆಲ್ಲಗೆ.

ಅಂದಿನಿಂದ ನಾನು ಅಮ್ಮನನ್ನು ನೋಡತೊಡಗಿದೆ. ಹೋಂವರ್ಕ್ ಹಿಡಿದುಕೊಂಡು ಅಡುಗೆಮನೆಯ ಹೊಸ್ತಿಲಲ್ಲಿ ಕೂರುತ್ತಿದ್ದೆ. ಅವಳ ಕಣ್ಣು, ಉಸಿರು, ಕೆಮ್ಮು, ನಡೆಯುವ ರೀತಿ, ಎಲ್ಲದರಲ್ಲೂ ಅಪಾಯ ಕಾಣುತ್ತಿತ್ತು. ಅವಳು ಸೀನಿದರೆ ಪುಸ್ತಕ ಬಿಟ್ಟು ಎದ್ದು ನಿಲ್ಲುತ್ತಿದ್ದೆ. "ಯಾಕೆ ಹಂಗ್ ನೋಡ್ತೀಯಾ ಪವೀ, ಹೋಗಿ ಆಡ್ಕೋ," ಎಂದು ಅಮ್ಮ ಬೇಸರಪಟ್ಟುಕೊಳ್ಳುತ್ತಿದ್ದಳು. ಅವಳು ಮತ್ತೆ ಬಿದ್ದಾಗ ನಾನು ಎದುರಿಗೇ ಇದ್ದೆ, ಏನೂ ಕಾಣಲಿಲ್ಲ. ಕಿಟಕಿಯ ಪಕ್ಕ ಕೂತು ಕುಚ್ಚು ಹೊಸೆಯುತ್ತಿದ್ದವಳು ಹಾಗೇ ವಾಲಿದಳು. ಆ ವಾರವೆಲ್ಲ ಶಾಲೆಯಲ್ಲಿ ಮೇಷ್ಟ್ರು ಹೇಳಿದ್ದೊಂದೂ ತಲೆಗೆ ಹೋಗಲಿಲ್ಲ, ಆ ಮಧ್ಯಾಹ್ನವನ್ನೇ ಹಿಂದಕ್ಕೂ ಮುಂದಕ್ಕೂ ಓಡಿಸಿ ನೋಡುತ್ತಿದ್ದೆ. ಅಮ್ಮ ಕೂತಿದ್ದಳು. ಹೆಬ್ಬೆರಳು ತೋರುಬೆರಳು ಹೊಸೆಯುತ್ತಿದ್ದವು. ಸೀರೆ ಅವಳ ಮಡಿಲಲ್ಲಿತ್ತು. ಹಾಗೆ ನೋಡುತ್ತಿರುವಾಗ, ಕನ್ನಡ ಪೀರಿಯಡ್ಡಿನ ನಡುವೆ, ನನ್ನ ಕೈಯಿಂದ ಪೆನ್ಸಿಲು ಜಾರಿತು. ಸೀರೆ ಮಡಿಲಲ್ಲಿತ್ತು, ಬೆರಳುಗಳ ನಡುವೆ ದಾರ ಇರಲಿಲ್ಲ.

ಗೌರಿ ಹಬ್ಬಕ್ಕೆ ಕೆಲವು ದಿನ ಮುಂಚೆ ಒಂದು ಶನಿವಾರ ಅಮ್ಮ ಚಕ್ಕುಲಿ ಕರಿಯುತ್ತಿದ್ದಳು. ಬಾಣಲೆಯ ತುಂಬ ಎಣ್ಣೆ ಕಾದಿತ್ತು. ಅಪ್ಪ ಬಾಗಲೂರಿಗೆ ಹೋಗಿದ್ದರು. ಅಜ್ಜಿ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ನಾನು ಹೊಸ್ತಿಲಲ್ಲಿ ಕೂತು ಮುರಿದ ಚಕ್ಕುಲಿ ತಿನ್ನುತ್ತಿದ್ದೆ. ಅಮ್ಮ ಚಕ್ಕುಲಿ ಒತ್ತುವ ಒರಳನ್ನು ಕೆಳಗಿಟ್ಟು ಎಣ್ಣೆಯನ್ನೇ ನೋಡುತ್ತ ನಿಂತಳು. ಎಡಗೈ ಸೊಂಟದ ಪಕ್ಕ ಇಳಿಬಿದ್ದಿತ್ತು. ಅದರ ಹೆಬ್ಬೆರಳು ತೋರುಬೆರಳಿನ ಮೇಲೆ ಮೆಲ್ಲಗೆ ಸುತ್ತತೊಡಗಿತು. ಇಲ್ಲದ ಎಳೆಯೊಂದನ್ನು ಹೊಸೆಯುವ ಹಾಗೆ.

ಅಮ್ಮ ಎಂದು ಕೂಗಿದೆ, ಅವಳು ತಿರುಗಲಿಲ್ಲ. ಅವಳ ಪಕ್ಕಕ್ಕೆ ನುಗ್ಗಿ ಒಲೆಯ ತಿರುಪು ತಿರುಗಿಸಿ ಆರಿಸಿದೆ. ಕೈಗೆ ಎಣ್ಣೆಯ ಬಿಸಿ ಬಡಿಯಿತು. ಅವಳ ಸೊಂಟವನ್ನು ಎರಡೂ ಕೈಯಿಂದ ತಬ್ಬಿ ಹಿಂದಕ್ಕೆ ಎಳೆದೆ. ಅವಳ ಭಾರ ಒಮ್ಮೆಲೆ ನನ್ನ ಮೇಲೆ ಬಂತು, ಇಬ್ಬರೂ ಹೊಸ್ತಿಲಾಚೆ ಹಾಲಿನ ನೆಲಕ್ಕೆ ಬಿದ್ದೆವು. ಆ ಕೂಗು ಈ ಸಲ ನನ್ನ ಕಿವಿಯ ಪಕ್ಕದಲ್ಲೇ ಬಂತು. ಅವಳ ಮೈಯ ನಡುಕ ನನ್ನ ಮೈಯೊಳಗೆ ಹೊಕ್ಕಿತು. ಅವಳ ಅಡಿಯಿಂದ ಹೇಗೆ ಬಿಡಿಸಿಕೊಂಡೆನೋ ಗೊತ್ತಿಲ್ಲ, ಬಸಣ್ಣ ಎಂದು ಕಿರುಚಿದ್ದು ನೆನಪಿದೆ.

ಅವನು ಮೆಟ್ಟಿಲು ಹಾರಿಕೊಂಡು ಬಂದ. ಅಜ್ಜಿಯೂ ಬಂದಳು, ಬೀಗದ ಕೈ ಆಗಲೇ ಅವಳ ಕೈಯಲ್ಲಿತ್ತು.

"ಕೈಗೆ ಏನೂ ಕೊಡಬ್ಯಾಡ್ರಿ ಅಮ್ಮಾ. ಒಂದು ಮಗ್ಗಲಕ್ಕ ಮಲಗಸೂಣು," ಎಂದ ಬಸಣ್ಣ.

"ಕಬ್ಬಿಣ ಮುಟ್ಟಿಸ್ದೆ ಎಂಗಪ್ಪಾ ನಿಲ್ತದೆ?"

"ಕಾಲೇಜಿನಾಗ ಹಿಂಗಂತ ಹೇಳ್ಯಾರ್ರಿ. ಒಂದು ಸಲ ನನ್ನ ಮಾತು ಕೇಳ್ರಿ."

ಅಜ್ಜಿ ಗೊಂಚಲನ್ನು ಎದೆಗೆ ಒತ್ತಿಕೊಂಡು ನಿಂತಳು. ಯಾವಾಗಲೂ ತಾನಾಗಿ ನಿಲ್ಲುತ್ತಿದ್ದದ್ದು ಈ ಸಲ ನಿಲ್ಲಲಿಲ್ಲ. ನಿಂತಂತಾಗಿ ಮತ್ತೆ ಶುರುವಾಯಿತು. ಅಮ್ಮನ ತುಟಿ ನೀಲಿಯಾಗುತ್ತ ಬಂತು. ಬಸಣ್ಣ ಬೀದಿಗೆ ಓಡಿ ಆಟೋ ತಂದ. ಹೆಬ್ಬಾಳದ ಕಡೆಯ ಆಸ್ಪತ್ರೆಗೆ ಹೋಗುವ ದಾರಿಯೆಲ್ಲ ಅಮ್ಮನ ತಲೆ ಅಜ್ಜಿಯ ಮಡಿಲಲ್ಲಿತ್ತು, ಕಾಲು ನನ್ನ ಮಡಿಲಲ್ಲಿ. ಸಿಗ್ನಲ್ಲಿನಲ್ಲಿ ಆಟೋ ನಿಂತಾಗ ಅಜ್ಜಿ ಯಾವ ದೇವರ ಹೆಸರನ್ನೂ ಹೇಳಲಿಲ್ಲ. "ಸರೋಜೀ, ಸರೋಜೀ" ಎಂದು ಅಮ್ಮನ ಹೆಸರನ್ನೇ ಹೇಳುತ್ತಿದ್ದಳು. ಅಮ್ಮ ಸತ್ತೇ ಹೋಗುತ್ತಾಳೆ ಎಂದು ನಾನು ನಂಬಿಬಿಟ್ಟಿದ್ದೆ. ಅವಳ ಕಾಲಿನ ಹೆಬ್ಬೆರಳನ್ನು ಹಿಡಿದುಕೊಂಡು, ಬೆಚ್ಚಗಿದೆಯೋ ಇಲ್ಲವೋ ಎಂದು ನೋಡುತ್ತಿದ್ದೆ.

ಇಂಜೆಕ್ಷನ್ ಕೊಟ್ಟ ಮೇಲೆ ನಿಂತಿತು. ಸಾಯಂಕಾಲದ ಹೊತ್ತಿಗೆ ಅಮ್ಮ ಕಣ್ಣು ಬಿಟ್ಟಳು. ಸಿಮೆಂಟಿನ ಧೂಳು ಮೆತ್ತಿದ ಬಟ್ಟೆಯಲ್ಲೇ ಅಪ್ಪ ಬಂದು ಮಂಚದ ಬಳಿ ನಿಂತಿದ್ದರು. ಹಣೆಗೆ ದೊಡ್ಡ ಕುಂಕುಮ ಇಟ್ಟ ಡಾಕ್ಟರಮ್ಮ ಬಂದು, ಮಾತ್ರೆ ನಿಲ್ಲಿಸಿದ್ದು ಯಾರು ಎಂದು ಕೇಳಿದರು. ಅಜ್ಜಿ ತಲೆ ತಗ್ಗಿಸಿದಳು. ಅವರು ಬೈಯಲಿಲ್ಲ.

"ಆ ಮಾತ್ರೆ ಇವರಿಗೆ ಒಗ್ತಿರ್ಲಿಲ್ಲ ಅನ್ಸುತ್ತಮ್ಮಾ. ಬೇರೆ ಕೊಡೋಣ. ಆದ್ರೆ ತಾವಾಗ್ ತಾವೇ ನಿಲ್ಲಿಸ್ಬಾರ್ದು. ಬೀಳೋದಕ್ ಮುಂಚೆ ಏನಾದ್ರೂ ಆಗುತ್ತಾ ಇವರಿಗೆ?"

"ಏನೂ ಇಲ್ಲ ಮೇಡಂ. ಇದ್ದಕ್ಕಿದ್ದಂಗೆ ಬೀಳ್ತಾಳೆ," ಎಂದರು ಅಪ್ಪ.

"ಆಗುತ್ತೆ," ಎಂದೆ ನಾನು.

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಎಡಗೈ ಇಳಿಬಿಟ್ಟು, ಅಮ್ಮನ ಬೆರಳುಗಳು ಹೇಗೆ ಸುತ್ತುತ್ತವೆಂದು ಮಾಡಿ ತೋರಿಸಿದೆ. ದಾರ ಇಲ್ಲದೇ ಹೊಸೆಯುತ್ತಾಳೆ, ಕರೆದರೆ ತಿರುಗುವುದಿಲ್ಲ ಎಂದೆ. ಡಾಕ್ಟರಮ್ಮ ಮಂಚದ ಅಂಚಿನಲ್ಲಿ ಕೂತು ಅಮ್ಮನ ಮುಖ ನೋಡಿದರು.

"ಸರೋಜಾ, ಆಗ ನಿಮಗೇನಾದ್ರೂ ಗೊತ್ತಾಗುತ್ತಾ? ವಾಸನೆ, ಹೊಟ್ಟೆಯಲ್ಲಿ ಏನಾದ್ರೂ?"

ಅಮ್ಮ ಅಪ್ಪನನ್ನಾಗಲೀ ಅಜ್ಜಿಯನ್ನಾಗಲೀ ನೋಡದೆ, ಒಂದೊಂದೇ ಮಾತು ಹೇಳಿದಳು. ಮೊದಲು ಹಾಲು ಸೀದುಹೋದ ವಾಸನೆ ಬರುತ್ತದೆ. ಆಮೇಲೆ ಹೊಟ್ಟೆಯಿಂದ ಏನೋ ಎದ್ದು ಗಂಟಲಿಗೆ ಬಂದಂತಾಗುತ್ತದೆ. ಬರುತ್ತಿದೆ ಎಂದು ಆಗಲೇ ಗೊತ್ತಾಗುತ್ತದೆ.

"ಮತ್ಯಾಕೆ ಹೇಳ್ಲಿಲ್ಲ ಇಷ್ಟು ದಿನ?" ಎಂದು ಅಪ್ಪ ಕೇಳಿದರು.

"ಹೇಳಿದ್ರೆ ಎಲ್ಲರೂ ಹೆದರ್ತಾರೆ ಅಂತ. ಬಾಯ್ಬಿಟ್ಟು ಹೇಳೋಕೆ ನಂಗೂ ಭಯ ಆಗೋದು."

ಹೊಸ್ತಿಲಲ್ಲಿ ಹೆದರಿ ಕೂತಿದ್ದವಳು ನಾನೊಬ್ಬಳೇ ಎಂದುಕೊಂಡಿದ್ದೆ. ಒಲೆಯ ಮುಂದೆ ಅವಳೂ ಅದಕ್ಕಾಗಿಯೇ ಕಾಯುತ್ತ, ಬರುವುದು ಗೊತ್ತಾದರೂ ಹಲ್ಲು ಕಚ್ಚಿಕೊಂಡು ನಿಲ್ಲುತ್ತಿದ್ದಳು. ಅಜ್ಜಿ ಅಮ್ಮನ ಕಾಲಿನ ಬಳಿ ಹೊದಿಕೆ ಸರಿಮಾಡುತ್ತ, "ಇನ್ಮ್ಯಾಕೆ ಮಾತ್ರೆ ನಾನೇ ಕೊಡ್ತೀನಿ ಬುಡವ್ವಾ," ಎಂದಳು. ಕೊಟ್ಟಳು ಕೂಡ. ಹರಕೆಯನ್ನೂ ತೀರಿಸಿದಳು.

ಹೊಸ ಮಾತ್ರೆ ಒಂದೇ ಏಟಿಗೆ ಎಲ್ಲ ಸರಿಮಾಡಲಿಲ್ಲ. ಬೀಳುವುದು ಕಡಿಮೆಯಾಗುತ್ತ ಬಂತು, ಹೆದರಿಕೆ ಕಡಿಮೆಯಾಗಲು ಇನ್ನೂ ಹೆಚ್ಚು ಕಾಲ ಹಿಡಿಯಿತು. ಬಸಣ್ಣ ಓದು ಮುಗಿಸಿ ಊರಿಗೆ ಹೋದ. ಹೋಗುವಾಗ ಅಮ್ಮ ಅವನ ಕೈಗೆ ಚಕ್ಕುಲಿಯ ಡಬ್ಬಿ ಕೊಟ್ಟಳು, ಅವನು ಅವಳ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಅವನು ಹೋದ ಮೇಲೆ ತುದಿಯ ಕೋಣೆಗೆ ಯಾರೋ ಹೊಸಬರು ಬಂದರು.

ಒಂದು ಭಾನುವಾರ ಬೆಳಿಗ್ಗೆ ಅಪ್ಪ ಹಾಲಿನಲ್ಲಿ ಪೇಪರ್ ಓದುತ್ತಿದ್ದರು, ಅಜ್ಜಿ ಸೊಪ್ಪು ಬಿಡಿಸುತ್ತಿದ್ದಳು, ನಾನು ಕಿಟಕಿಯ ಬಳಿ ಉಗುರು ಕತ್ತರಿಸಿಕೊಳ್ಳುತ್ತಿದ್ದೆ. ಅಡುಗೆಮನೆಯಿಂದ ಅಮ್ಮನ ದನಿ ಬಂತು. ಜೋರಾಗಿರಲಿಲ್ಲ. ಯಾರೋ ನೆಂಟರು ಬಾಗಿಲಿಗೆ ಬಂದಿದ್ದಾರೆ ಎನ್ನುವಾಗ ಇರುತ್ತದಲ್ಲ, ಅಂಥ ದನಿ.

"ಪವೀ, ಬರ್ತಾ ಇದೆ ಕಣೇ."

ನಾವು ಮೂವರೂ ಎದ್ದೆವು. ಒಳಗೆ ಹೋಗುವಷ್ಟರಲ್ಲಿ ಅವಳು ಒಲೆ ಆರಿಸಿ, ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಮುಖ ಬಿಳುಚಿಕೊಂಡಿತ್ತು. ಅಪ್ಪ ಅವಳ ಪಕ್ಕದಲ್ಲಿ ಕೂತರು, ಅಜ್ಜಿ ತಲೆಯಡಿಗೆ ತನ್ನ ಸೆರಗನ್ನೇ ಮಡಿಸಿ ಇಟ್ಟಳು. ನಾನು ಅಮ್ಮನ ಎಡಗೈಯನ್ನು ಹಿಡಿದುಕೊಂಡೆ. ಅವಳು ನನ್ನನ್ನು ನೋಡಿ, ಇನ್ನೂ ಮಾತಾಡಲು ಆಗುತ್ತಿದ್ದ ಆ ಕೊನೆಯ ಗಳಿಗೆಯಲ್ಲಿ, "ಇಲ್ಲೇ ಇರು," ಎಂದಳು. ನಾನು ಅಲ್ಲೇ ಇದ್ದೆ.